ರಾಜಿಗೆ ಸಹಿ ಹಾಕಿದ ಮೇಲೆ ಏನೂ ಕೇಳೋ ಹಾಗಿಲ್ವಾ?

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರ ಒಂದೇ ವಿಷಯದ ಸುತ್ತ ಇವೆ. ವಿಚ್ಛೇದನದ ಮಾತುಕತೆ ಕೋರ್ಟಿನಲ್ಲಿ ರಾಜಿಗೆ ಬಂದಿದೆ, ಈಗ ಆ ರಾಜಿಯಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತಿದೆ, ಬದಲಾಯಿಸಬಹುದಾ ಅಂತ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಕಾಫಿ ಬೆಲೆ ಏರಿದ ಮೇಲೆ ನಮ್ಮ ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಇದೇ ಕಥೆಯನ್ನು ಹಲವು ಹೆಣ್ಣುಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಬರೆದವರ ಗುರುತು ಸಿಗದ ಹಾಗೆ ಕೆಲವು ವಿವರ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಸಕಲೇಶಪುರ ತಾಲೂಕು. 2021ರಲ್ಲಿ ಹಾಸನದ ಫ್ಯಾಮಿಲಿ ಕೋರ್ಟಿನಲ್ಲಿ ನಮ್ಮದು ಮ್ಯೂಚುವಲ್ ಡೈವೋರ್ಸ್ ಆಯಿತು. ಆಗ ಅವರು ‘ತೋಟ ಎಲ್ಲ ಅಪ್ಪನದು, ನಾನು ಅಲ್ಲಿ ರೈಟರ್ (ತೋಟದ ಲೆಕ್ಕ ಬರೆಯುವವನು) ತರಹ ಸಂಬಳಕ್ಕಿದ್ದೀನಿ’ ಅಂದಿದ್ದರು. ನನಗೆ 7 ಲಕ್ಷ ಕೊಟ್ಟರು, ಮಗನ ಖರ್ಚಿಗೆ ತಿಂಗಳಿಗೆ 3,000. ‘ಮುಂದೆ ನಾನಾಗಲಿ ಮಗನಾಗಲಿ ಜೀವನಾಂಶ ಕೇಳುವುದಿಲ್ಲ, ಆಸ್ತಿಯಲ್ಲಿ ಪಾಲನ್ನೂ ಕೇಳುವುದಿಲ್ಲ’ ಅಂತ ರಾಜಿ ಪತ್ರದಲ್ಲಿ ಬರೆಸಿದರು. ನಮ್ಮಪ್ಪನಿಗೆ ಆಗ ತಾನೇ ಆಪರೇಷನ್ ಆಗಿತ್ತು, ಕೋರ್ಟಿಗೆ ಓಡಾಡೋಕೆ ಯಾರೂ ಇರಲಿಲ್ಲ, ಬೇಗ ಮುಗಿದರೆ ಸಾಕು ಅಂತ ಸಹಿ ಹಾಕಿದೆ. ಹೋದ ತಿಂಗಳು ಪಹಣಿ ತೆಗೆಸಿದಾಗ ಅವರ ಹೆಸರಿನಲ್ಲೇ 14 ಎಕರೆ ರೋಬಸ್ಟಾ ತೋಟ ಇರೋದು ಗೊತ್ತಾಯಿತು. ಹೊಸ ಮನೆ ಕಟ್ಟಿಸಿದ್ದಾರೆ, ಹೊಸ ಜೀಪು ತಗೊಂಡಿದ್ದಾರೆ. ಮಗನಿಗೆ ಈಗ 10 ವರ್ಷ, ಸ್ಕೂಲ್ ಫೀಸೇ ವರ್ಷಕ್ಕೆ 42,000. ನಾನು ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತೀನಿ. ಎಲ್ಲರೂ ‘ಸಹಿ ಹಾಕಿದ ಮೇಲೆ ಮುಗೀತು, ಸುಮ್ನಿರು’ ಅಂತಾರೆ. ನಿಜಾನಾ ಮೇಡಂ?

ಉತ್ತರ: ಪೂರ್ತಿ ನಿಜ ಅಲ್ಲ ತಂಗಿ. ಸ್ವಲ್ಪ ನಿಜ. ನಿಮ್ಮ ರಾಜಿ ಪತ್ರದಲ್ಲಿ ನಾಲ್ಕು ಬೇರೆ ಬೇರೆ ವಿಷಯಗಳನ್ನು ಒಂದೇ ಉಸಿರಿನಲ್ಲಿ ಬರೆದಿದ್ದಾರೆ. ಮದುವೆ ಮುರಿದದ್ದು ಒಂದು. ನಿಮ್ಮ 7 ಲಕ್ಷ ಇನ್ನೊಂದು. ಆಮೇಲೆ ಮಗನ ಖರ್ಚು, ಮಗನ ಆಸ್ತಿ ಪಾಲು. ಕಾನೂನು ಇವುಗಳನ್ನು ಒಂದೇ ಗಂಟು ಅಂತ ನೋಡುವುದಿಲ್ಲ. ಒಂದೊಂದಕ್ಕೂ ಬೇರೆ ದಾರಿ ಇದೆ.

ಮೊದಲು ಮಗನ ವಿಷಯ ಹೇಳುತ್ತೇನೆ, ಯಾಕಂದ್ರೆ ಅಲ್ಲಿ ನಿಮಗೆ ಬಲ ಜಾಸ್ತಿ. ಮಗನ ಜೀವನಾಂಶ ಮಗನ ಹಕ್ಕು. ಅದನ್ನು ತಾಯಿ ಬಿಟ್ಟುಕೊಡೋಕೆ ಬರುವುದಿಲ್ಲ, ಅದು ನಿಮ್ಮದಲ್ಲವಲ್ಲ. ಹಿಂದೂ ವಿವಾಹ ಕಾಯ್ದೆ 1955ರ ಸೆಕ್ಷನ್ 26 ಇರುವುದೇ ಇದಕ್ಕೆ. ಮಕ್ಕಳು ಯಾರ ಹತ್ತಿರ ಇರಬೇಕು, ಅವರ ಖರ್ಚು ಯಾರು ಕೊಡಬೇಕು, ಓದು ಹೇಗೆ ಅನ್ನೋದರ ಬಗ್ಗೆ ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಆದ ಮೇಲೂ ಕೋರ್ಟು ಹೊಸ ಆದೇಶ ಮಾಡಬಹುದು, ಹಳೆಯದನ್ನು ಬದಲಾಯಿಸಬಹುದು, ರದ್ದು ಕೂಡ ಮಾಡಬಹುದು. ನಿಮ್ಮ ಮಗ ಆ ಮ್ಯೂಚುವಲ್ ಅರ್ಜಿಯಲ್ಲಿ ಪಾರ್ಟಿಯೇ ಆಗಿರಲಿಕ್ಕಿಲ್ಲ. ಆಗಿದ್ದರೂ, ಮೈನರ್ ಪರವಾಗಿ ರಾಜಿ ಮಾಡಿಕೊಳ್ಳಬೇಕಾದರೆ ಕೋರ್ಟಿನ ಅನುಮತಿ ಬೇಕೇ ಬೇಕು ಅಂತ ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 32, ರೂಲ್ 7 ಹೇಳುತ್ತದೆ. ಹಾಗಾಗಿ ‘ಮಗನೂ ಕೇಳುವುದಿಲ್ಲ’ ಅನ್ನೋ ಆ ಸಾಲನ್ನು ನೋಡಿ ಹೆದರಬೇಡಿ. ಅದು ಮಗನನ್ನು ಕಟ್ಟಿಹಾಕುವುದಿಲ್ಲ.

3,000ವನ್ನು ಎಷ್ಟಕ್ಕೆ ಏರಿಸುತ್ತಾರೆ ಅಂತ ಕೇಳಿದರೆ, ಅದಕ್ಕೆ ಸೂತ್ರ ಇಲ್ಲ. ಆದರೆ ನೀವು ಲೆಕ್ಕ ಇಟ್ಟುಕೊಂಡು ಹೋದಷ್ಟೂ ಒಳ್ಳೇದು. ಫೀಸಿನ ರಸೀದಿ, ಸ್ಕೂಲ್ ವ್ಯಾನಿನ ದುಡ್ಡು, ಯೂನಿಫಾರಂ, ಔಷಧಿ, ಮನೆ ಬಾಡಿಗೆಯಲ್ಲಿ ಅವನ ಪಾಲು, ಎಲ್ಲ ಒಂದು ಹಾಳೆಯಲ್ಲಿ ಬರೆದು ರಸೀದಿ ಪಿನ್ ಮಾಡಿ. ಇನ್ನೊಂದು ಮಾತು. ನಿಮ್ಮ ಹಳೇ ರಾಜಿಯಲ್ಲಿ ವರ್ಷ ಕಳೆದ ಹಾಗೆ ಹಣ ಏರಬೇಕು ಅಂತ ಎಲ್ಲೂ ಬರೆದಿಲ್ಲ. ಈ ಸಲ ಅದನ್ನು ಬಾಯಿಬಿಟ್ಟು ಕೇಳಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಬ್ಬ ಹೆಣ್ಣುಮಗಳಿಗೆ ತಿಂಗಳಿಗೆ 50,000 ಜೀವನಾಂಶ ಕೊಡಿಸಿತು, ಜೊತೆಗೆ ಎರಡು ವರ್ಷಕ್ಕೊಮ್ಮೆ 5% ಏರಬೇಕು ಅಂತಲೂ ಹೇಳಿತು. ಆ ಕೇಸಿನ ಮೊತ್ತ ನಿಮಗೆ ಲೆಕ್ಕಕ್ಕಿಲ್ಲ, ಅಲ್ಲಿ ಗಂಡನ ವರಮಾನ ಬೇರೆ. ಹಣ ಕಾಲಕ್ಕೆ ತಕ್ಕ ಹಾಗೆ ಏರಬೇಕು ಅನ್ನೋ ಮಾತನ್ನು ಹಿಡಿದುಕೊಳ್ಳಿ.

ಈಗ ನಿಮ್ಮ 7 ಲಕ್ಷ. ಇದು ಕಷ್ಟದ ಜಾಗ, ಸುಳ್ಳು ಭರವಸೆ ಕೊಡೋಕೆ ನನಗೆ ಇಷ್ಟ ಇಲ್ಲ.

ಅದೇ ಕಾಯ್ದೆಯ ಸೆಕ್ಷನ್ 25(2)ರಲ್ಲಿ, ಡಿಕ್ರಿ ಆದ ಮೇಲೆ ಗಂಡ ಹೆಂಡತಿ ಇಬ್ಬರಲ್ಲಿ ಯಾರ ಪರಿಸ್ಥಿತಿ ಬದಲಾದರೂ ಜೀವನಾಂಶದ ಆದೇಶವನ್ನು ಕೋರ್ಟು ಬದಲಾಯಿಸಬಹುದು ಅಂತ ಇದೆ. ತಿಂಗಳು ತಿಂಗಳು ಕೊಡುವ ಜೀವನಾಂಶಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಒಂದೇ ಸಲ ಇಡಿಯಾಗಿ ಹಣ ತೆಗೆದುಕೊಂಡು ‘ಇಲ್ಲಿಗೆ ಮುಗಿಯಿತು’ ಅಂತ ಬರೆದುಕೊಟ್ಟಿದ್ದರೆ, ಆಮೇಲೆ ಆತನ ವರಮಾನ ಏರಿತು ಅನ್ನೋ ಒಂದೇ ಕಾರಣಕ್ಕೆ ಅದನ್ನು ಮತ್ತೆ ತೆರೆಯೋಕೆ ಕೋರ್ಟುಗಳು ಸುಲಭಕ್ಕೆ ಒಪ್ಪುವುದಿಲ್ಲ. 2024, 2025ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರಿತು, ನಿಜ. ಜಡ್ಜ್ ಕೇಳುವ ಪ್ರಶ್ನೆ ಇಷ್ಟೇ: ಬೆಲೆ ಇಳಿದಿದ್ದರೆ ಆತ ಬಂದು 7 ಲಕ್ಷದಲ್ಲಿ ವಾಪಸ್ ಕೇಳಿದ್ದರೆ ನೀವು ಕೊಡುತ್ತಿದ್ರಾ? ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇಲ್ಲ.

ಆದರೆ ಬೆಲೆ ಏರಿದ್ದು ಬೇರೆ, ಮುಚ್ಚಿಟ್ಟದ್ದು ಬೇರೆ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಜೀಪೂ ಅಲ್ಲ, ಹೊಸ ಮನೆಯೂ ಅಲ್ಲ, ಆ 14 ಎಕರೆ. ಅದು ಯಾವತ್ತಿನಿಂದ ಅವರ ಹೆಸರಿನಲ್ಲಿದೆ? ಪಹಣಿಯನ್ನು ಮತ್ತೆ ತೆಗೆದು ನೋಡಿ. 9ನೇ ಕಾಲಂನಲ್ಲಿ ಅವರ ಹೆಸರು, ವಿಸ್ತೀರ್ಣ ಇರುತ್ತದೆ. ಪಕ್ಕದ 10ನೇ ಕಾಲಂನಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಅನ್ನೋದು, ಅದರ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ದಾಖಲೆ) ನಂಬರು ಇರುತ್ತದೆ. ಆ ಎಂ.ಆರ್. ಪ್ರತಿ ತೆಗೆಸಿ, ಅದರ ಹಿಂದಿರುವ ವಿಭಾಗ ಪತ್ರ ಅಥವಾ ದಾನಪತ್ರದ ನಕಲನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ತೆಗೆಸಿ. ನಿಮ್ಮ ಕೇಸಿನ ಅರ್ಧ ಹಣೆಬರಹ ಆ ಪತ್ರದ ತಾರೀಖಿನಲ್ಲಿದೆ.

ತಾರೀಖು 2021ರ ಡಿಕ್ರಿಗಿಂತ ಹಿಂದಿನದಾದರೆ ಅವರು ತಮ್ಮದೇ ತೋಟವನ್ನು ಅಪ್ಪನದು ಅಂದಿದ್ದಾರೆ, ಅಂದರೆ ಸುಳ್ಳು ಹೇಳಿ ರಾಜಿ ಮಾಡಿಸಿದ್ದಾರೆ. ಡಿಕ್ರಿ ಆದ ಮೇಲಿನದಾದರೆ ತೋಟ ಪಿತ್ರಾರ್ಜಿತವೋ ಅಥವಾ ಮಾವನ ಸ್ವಂತ ಸಂಪಾದನೆಯೋ ನೋಡಬೇಕು. ಪಿತ್ರಾರ್ಜಿತ ಆಗಿದ್ದರೆ ಪಾಲು ಆಗುವ ಮೊದಲೂ ಅದರಲ್ಲಿ ಅವರಿಗೆ ಹುಟ್ಟಿನಿಂದಲೇ ಹಕ್ಕು ಇತ್ತು, ಅದನ್ನು ಹೇಳಬೇಕಿತ್ತು. ಮಾವ ಸ್ವಂತ ದುಡ್ಡಿನಲ್ಲಿ ಕೊಂಡ ತೋಟವನ್ನು 2022ರಲ್ಲೋ 2023ರಲ್ಲೋ ಮಗನಿಗೆ ಬರೆದುಕೊಟ್ಟಿದ್ದರೆ, ಸಹಿ ಹಾಕಿದ ದಿನ ಅವರು ಹೇಳಿದ್ದು ನಿಜವೇ ಆಗುತ್ತದೆ. ಆಗ ನಿಮ್ಮ 7 ಲಕ್ಷದ ಮಾತು ಎತ್ತಬೇಡಿ, ಮಗನ ಖರ್ಚು ಏರಿಸುವ ಅರ್ಜಿ ಮಾತ್ರ ಹಾಕಿ.

ಮುಚ್ಚಿಟ್ಟದ್ದು ಅಂತ ಖಾತ್ರಿ ಆದರೆ ಎಲ್ಲಿಗೆ ಹೋಗಬೇಕು? ಇಲ್ಲಿ ತುಂಬಾ ಜನ ದಾರಿ ತಪ್ಪುತ್ತಾರೆ. ಒಪ್ಪಿಗೆಯ ಡಿಕ್ರಿ ಮೇಲೆ ಹೈಕೋರ್ಟಿಗೆ ಅಪೀಲು ಇಲ್ಲ, ಫ್ಯಾಮಿಲಿ ಕೋರ್ಟ್ಸ್ ಕಾಯ್ದೆ 1984ರ ಸೆಕ್ಷನ್ 19(2) ಅದನ್ನು ಮುಚ್ಚಿದೆ. ರಾಜಿ ಡಿಕ್ರಿ ರದ್ದು ಮಾಡಿ ಅಂತ ಬೇರೆ ದಾವಾ ಹಾಕೋಕೂ ಬರುವುದಿಲ್ಲ, ಅದನ್ನು ಆರ್ಡರ್ 23, ರೂಲ್ 3ಎ ತಡೆಯುತ್ತದೆ. ಯಾವ ಕೋರ್ಟು ಆ ರಾಜಿಯನ್ನು ದಾಖಲು ಮಾಡಿಕೊಂಡಿತೋ ಅದೇ ಕೋರ್ಟಿಗೆ, ಅಂದರೆ ಹಾಸನದ ಫ್ಯಾಮಿಲಿ ಕೋರ್ಟಿಗೇ ಅರ್ಜಿ ಹಾಕಬೇಕು. ಒಂದು ಎಚ್ಚರಿಕೆ: ನಿಮ್ಮ ರಾಜಿ ಲೋಕ ಅದಾಲತ್‌ನಲ್ಲಿ ಆಗಿದ್ದರೆ ಈ ದಾರಿ ಇಲ್ಲ, ಅದಾಲತ್ ಅವಾರ್ಡನ್ನು ಪ್ರಶ್ನೆ ಮಾಡೋಕೆ ಹೈಕೋರ್ಟಿನಲ್ಲಿ ರಿಟ್ ಹಾಕಬೇಕಾಗುತ್ತದೆ. ಅದಕ್ಕೇ ಮೊದಲ ಕೆಲಸ ನಕಲು ಅರ್ಜಿ ಹಾಕಿ ಪೂರ್ತಿ ಫೈಲಿನ ಸರ್ಟಿಫೈಡ್ ಕಾಪಿ ತೆಗೆದುಕೊಳ್ಳುವುದು. ಡಿಕ್ರಿ ಒಂದೇ ಸಾಲದು. ಅರ್ಜಿ, ಅಫಿಡವಿಟ್, ರಾಜಿ ಪತ್ರ, ಆರ್ಡರ್ ಶೀಟ್ (ಪ್ರತಿ ವಾಯಿದೆಯಲ್ಲಿ ನಡೆದದ್ದನ್ನು ಬರೆದಿಡುವ ಹಾಳೆ) ಎಲ್ಲವೂ ಬೇಕು.

ಆ ಫೈಲಿನಲ್ಲಿ ಹುಡುಕಬೇಕಾದ್ದು, ತನಗೆ ಆಸ್ತಿ ಇಲ್ಲ ಅಂತ ಆತ ಎಲ್ಲಾದರೂ ಬರೆದುಕೊಟ್ಟಿದ್ದಾರಾ ಅನ್ನೋದು. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಜನೇಶ್ ವಿರುದ್ಧ ನೇಹಾ ಕೇಸಿನಲ್ಲಿ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು ಅಂತ ಹೇಳಿತು. ಅದರ ನಮೂನೆಯಲ್ಲಿ ಪಿತ್ರಾರ್ಜಿತ ಆಸ್ತಿಯ ಪಾಲನ್ನೂ ಹೇಳಬೇಕು. ನಿಮ್ಮ ಡಿಕ್ರಿ ಅದರ ನಂತರದ್ದು. ಮ್ಯೂಚುವಲ್‌ಗೆ ಮೊದಲು ನೀವು ಬೇರೆ ಜೀವನಾಂಶದ ಕೇಸು ಏನಾದರೂ ಹಾಕಿದ್ದಿರಾ? ಹಾಕಿದ್ದರೆ ಅಲ್ಲಿ ಅವರು ಕೊಟ್ಟ ತಕರಾರು, ಅಫಿಡವಿಟ್ ಚಿನ್ನದ ಹಾಗೆ. ಬಾಯಿಮಾತಿನಲ್ಲಿ ‘ನಾನು ರೈಟರ್’ ಅಂದಿದ್ದು ಮಾತ್ರ ಇದ್ದರೆ ಕಷ್ಟ, ಅದರಲ್ಲೂ ಮೀಡಿಯೇಷನ್ ಕೋಣೆಯಲ್ಲಿ ಆಡಿದ ಮಾತು ಗುಟ್ಟಿನದು, ಅದನ್ನು ಸಾಕ್ಷಿ ಅಂತ ಹೊರಗೆ ತರೋ ಹಾಗಿಲ್ಲ. ವಾಟ್ಸಾಪ್ ಮೆಸೇಜ್ ಇದ್ದರೆ ಅಳಿಸಬೇಡಿ, ಫೋನ್ ಬದಲಾಯಿಸಬೇಡಿ. ಫ್ಯಾಮಿಲಿ ಕೋರ್ಟಿಗೆ ಸಾಕ್ಷಿಯ ವಿಷಯದಲ್ಲಿ ಸ್ವಲ್ಪ ಸಡಿಲ ಇದೆ, ವಿವಾದ ಬಗೆಹರಿಸೋಕೆ ಉಪಯೋಗಕ್ಕೆ ಬರುವ ಯಾವ ಕಾಗದವನ್ನೂ ಅದು ನೋಡಬಹುದು ಅಂತ ಅದರ ಕಾಯ್ದೆಯ ಸೆಕ್ಷನ್ 14 ಹೇಳುತ್ತದೆ.

ತೋಟದವರ ವರಮಾನ ತೋರಿಸುವುದು ಸಂಬಳದವರಷ್ಟು ಸುಲಭ ಅಲ್ಲ. ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಾಗಾಗಿ ಅವರ ರಿಟರ್ನ್ಸ್ ತರಿಸಿದರೆ ಬಡವರ ಹಾಗೆ ಕಾಣುತ್ತಾರೆ. ಬೆಳೆ ಸಾಲ ತೆಗೆದುಕೊಂಡ ಬ್ಯಾಂಕಿನ ಫೈಲು ಕೇಳಿ. ಸಾಲಕ್ಕೆ ಹೋದಾಗ ಎಕರೆ, ಬೆಳೆ, ಇಳುವರಿ ಎಲ್ಲವನ್ನೂ ಬರೆದುಕೊಟ್ಟಿರುತ್ತಾರೆ, ಅಲ್ಲಿ ಕಡಿಮೆ ಹೇಳೋಕೆ ಯಾರಿಗೂ ಮನಸ್ಸು ಬರೋದಿಲ್ಲ. ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆಗೆ) ಹಾಕಿದ ಮೂಟೆಗಳ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಇವನ್ನೆಲ್ಲ ಹಾಜರುಪಡಿಸೋಕೆ ಕೋರ್ಟಿನಿಂದ ಸಮನ್ಸ್ ಕೇಳಬಹುದು. ಎದುರು ಪಕ್ಷದವರು ಏನು ಹೇಳುತ್ತಾರೆ ಅನ್ನೋದೂ ಗೊತ್ತಿರಲಿ: ಆನೆ ಕಾಟ, ಆಳು ಸಿಗುತ್ತಿಲ್ಲ, ಗೊಬ್ಬರದ ರೇಟು, ಮಳೆ ಹೆಚ್ಚಾಗಿ ಕಾಯಿ ಉದುರಿತು. ಇದರಲ್ಲಿ ಸುಳ್ಳೇನೂ ಇಲ್ಲ, ಸಕಲೇಶಪುರ, ಆಲೂರು ಕಡೆ ತೋಟ ಮಾಡುವವರ ಕಷ್ಟ ನೀವೇ ಕಂಡವರು. ಖರ್ಚು ಕಳೆದು ಉಳಿಯೋದನ್ನೇ ಕೋರ್ಟು ನೋಡುತ್ತದೆ. ನೀವೂ ಆ ಲೆಕ್ಕಕ್ಕೇ ತಯಾರಾಗಿ ಹೋಗಿ, ಮೂಟೆ ಇಂಟು ರೇಟು ಅಂತ ಹೇಳಿದರೆ ನಿಮ್ಮ ಮಾತಿನ ತೂಕ ಕಡಿಮೆ ಆಗುತ್ತದೆ.

ಅಪ್ಪನ ಆಪರೇಷನ್ ವಿಷಯ ಬರೆದಿದ್ದೀರಿ. ಓದಿ ಸಂಕಟ ಆಯಿತು. ಆದರೆ ಆತುರ, ಕಷ್ಟ, ಬೇಸರ, ಇವು ಕಾನೂನಿನ ಕಣ್ಣಿನಲ್ಲಿ ಬಲವಂತ ಆಗುವುದಿಲ್ಲ. ಆ ದಿನ ಜಡ್ಜ್ ನಿಮ್ಮನ್ನು ‘ಇಷ್ಟಪಟ್ಟು ಒಪ್ಪಿದ್ದೀರಾ’ ಅಂತ ಕೇಳಿರುತ್ತಾರೆ, ನೀವು ಹೌದು ಅಂದಿರುತ್ತೀರಿ, ಅದು ಆರ್ಡರ್ ಶೀಟಿನಲ್ಲಿ ಇರುತ್ತದೆ. ಅರ್ಜಿಯಲ್ಲಿ ಒತ್ತಡದ ಮಾತು ಮುಂದಿಡಬೇಡಿ, ಮುಚ್ಚಿಟ್ಟ ಮಾತನ್ನೇ ಮುಂದಿಡಿ.

ಇನ್ನೂ ಎರಡು ವಿಷಯ ವಕೀಲರ ಜೊತೆ ಕೂತು ಯೋಚಿಸಿ. ರಾಜಿ ಪೂರ್ತಿ ರದ್ದಾದರೆ ನೀವು ತೆಗೆದುಕೊಂಡ 7 ಲಕ್ಷದ ಲೆಕ್ಕವೂ ಬರುತ್ತದೆ. ವಿಚ್ಛೇದನವನ್ನೇ ರದ್ದು ಮಾಡಿ ಅಂತ ಕೇಳೋಕೆ ಹೋದರೆ ಆ ಮದುವೆಗೇ ವಾಪಸ್ ಹೋದ ಹಾಗಾಗುತ್ತದೆ, ಅದು ನಿಮಗೆ ಬೇಕಿಲ್ಲ ಅಲ್ವಾ? ಹಣದ ಕರಾರನ್ನು ಮಾತ್ರ ಪ್ರಶ್ನಿಸಿ, ಅದು ಆಗದಿದ್ದರೆ ಸೆಕ್ಷನ್ 25(2)ರ ಪ್ರಕಾರ ಬದಲಾಯಿಸಿ ಅಂತ ಅದೇ ಅರ್ಜಿಯಲ್ಲಿ ಎರಡನೇ ಕೋರಿಕೆಯಾಗಿ ಬರೆಸಿ. ಮೊದಲೇ ಸುಳ್ಳು ಅಫಿಡವಿಟ್‌ಗೆ ಕ್ರಿಮಿನಲ್ ಕೇಸು ಹಾಕಿ ಜೈಲಿಗೆ ಕಳಿಸ್ತೀನಿ ಅಂತ ಹೊರಡಬೇಡಿ. ಹಾಗೆ ಹೊರಟವರ ಮುಖ್ಯ ಅರ್ಜಿ ವರ್ಷಗಟ್ಟಲೆ ಮೂಲೆಯಲ್ಲಿ ಕೂತದ್ದನ್ನು ಕಂಡಿದ್ದೇನೆ.

ಕೆಲವರು ನಿಮಗೆ ‘ಹಳೇ 125 ಹಾಕು’ ಅನ್ನಬಹುದು. ಕ್ರಿಮಿನಲ್ ಪ್ರೊಸೀಜರ್ ಕೋಡಿನ ಆ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಆಗಿದೆ. ಒಪ್ಪಿಗೆಯಿಂದ ವಿಚ್ಛೇದನ ಪಡೆದವಳೂ ಮರುಮದುವೆ ಆಗದಿದ್ದರೆ ಅದರಲ್ಲಿ ಜೀವನಾಂಶ ಕೇಳಬಹುದು ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಆದರೆ ಅದೇ ಸಂಹಿತೆಯಲ್ಲಿ, ವಿಚ್ಛೇದನದ ನಂತರ ತಾನಾಗಿಯೇ ಹಕ್ಕು ಬಿಟ್ಟುಕೊಟ್ಟವಳ ಜೀವನಾಂಶದ ಆದೇಶವನ್ನು ರದ್ದು ಮಾಡಬಹುದು ಅಂತಲೂ ಇದೆ, ನಿಮ್ಮ ರಾಜಿ ಪತ್ರವನ್ನು ತಂದು ಅದನ್ನೇ ತೋರಿಸುತ್ತಾರೆ. ಮಗನ ಹೆಸರಿನಲ್ಲಿ ಹಾಕಿದರೆ ಆ ತೊಡಕಿಲ್ಲ. ನಿಮಗೆ ಅದು ಮೊದಲ ದಾರಿ ಆಗಬಾರದು.

ಮಗನ ಆಸ್ತಿ ಪಾಲಿನ ಬಗ್ಗೆ ಒಂದೇ ಮಾತು. ತೋಟ ಪಿತ್ರಾರ್ಜಿತ ಆಗಿದ್ದರೆ ಅದರಲ್ಲಿ ನಿಮ್ಮ ಮಗನಿಗೂ ಹುಟ್ಟಿನಿಂದ ಹಕ್ಕಿದೆ, ತಂದೆ ತಾಯಿ ಬೇರೆ ಆದರು ಅಂತ ಅದು ಹೋಗುವುದಿಲ್ಲ, ನಿಮ್ಮ ಸಹಿಯಿಂದಲೂ ಹೋಗುವುದಿಲ್ಲ. ಅದಕ್ಕೆ ಸಿವಿಲ್ ಕೋರ್ಟಿನಲ್ಲಿ ಬೇರೆ ದಾವಾ. ಅದನ್ನು ಈ ಅರ್ಜಿಗೆ ಸೇರಿಸಬೇಡಿ. ಆದರೆ ಅವರು ಮಾರೋಕೆ ಹೊರಟಿದ್ದಾರೆ ಅಂತ ಗೊತ್ತಾದರೆ ಒಂದು ದಿನವೂ ತಡ ಮಾಡಬೇಡಿ.

ಕಾಲಮಿತಿ ಮರೆಯಬೇಡಿ. ಮೋಸದ ವಿಷಯದಲ್ಲಿ ಅದು ಗೊತ್ತಾದ ದಿನದಿಂದ ಲೆಕ್ಕ ಶುರುವಾಗುತ್ತದೆ, ಮೂರು ವರ್ಷ ಅನ್ನೋದು ಸಾಮಾನ್ಯ ಅಳತೆ. ನೀವು ಪಹಣಿ ತೆಗೆಸಿದ ದಿನದ ರಸೀದಿ, ಪಹಣಿಯ ಮೇಲಿನ ತಾರೀಖು ಜೋಪಾನ ಮಾಡಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಕಾನೂನು ಸೇವಾ ಪ್ರಾಧಿಕಾರದಿಂದ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ, ಅದಕ್ಕೆ ವರಮಾನದ ಮಿತಿ ಕೂಡ ಇಲ್ಲ. 15100ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ ಜಿಲ್ಲಾ ಪ್ರಾಧಿಕಾರದ ಆಫೀಸಿಗೆ ನೇರವಾಗಿ ಹೋಗಿ.

ಪ್ರಶ್ನೆ: ನಾನು ಚನ್ನರಾಯಪಟ್ಟಣದವನು. ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾಗ ರಾಜಿ ಆಗಿ, ತಿಂಗಳಿಗೆ 15,000 ಕೊಡಲು ಒಪ್ಪಿದ್ದೆ. ಹೋದ ವರ್ಷ ಕೆಲಸ ಹೋಯಿತು. ಈಗ ಹಾಸನದಲ್ಲಿ 24,000 ಸಂಬಳಕ್ಕೆ ಸೇರಿದ್ದೇನೆ. ಮರುಮದುವೆ ಆಗಿ ಒಂದು ಮಗುವಿದೆ. ಐದು ತಿಂಗಳಿಂದ ಹಣ ಕಟ್ಟಿಲ್ಲ, ಎಕ್ಸಿಕ್ಯೂಶನ್ ಹಾಕಿದ್ದಾರೆ. ಕೊಡೋಕಾಗಲ್ಲ ಅಂತ ಕೋರ್ಟಿಗೆ ಹೇಳಿದರೆ ಬಿಡ್ತಾರಾ?

ಉತ್ತರ: ಎಕ್ಸಿಕ್ಯೂಶನ್ ಕೋರ್ಟಿನಲ್ಲಿ ಹೇಳಿದರೆ ಬಿಡುವುದಿಲ್ಲ. ಆ ಕೋರ್ಟಿನ ಕೆಲಸ ಡಿಕ್ರಿಯಲ್ಲಿ ಇರುವುದನ್ನು ವಸೂಲಿ ಮಾಡಿಸುವುದು ಮಾತ್ರ. ನೀವು ಕೆಲಸ ಹೋದ ತಿಂಗಳೇ ಸೆಕ್ಷನ್ 25(2)ರ ಅರ್ಜಿ ಹಾಕಬೇಕಿತ್ತು. ಕೋಪಕ್ಕೆ ಹೇಳುತ್ತಿಲ್ಲ, ನಿಮ್ಮ ಹಾಗೆ ಮಾಡಿಕೊಂಡವರು ತುಂಬಾ ಜನ ಇದ್ದಾರೆ. ಕಷ್ಟ ಬಂದಾಗ ಸುಮ್ಮನೆ ಕಟ್ಟುವುದು ನಿಲ್ಲಿಸುತ್ತಾರೆ, ಬಾಕಿ ಬೆಳೆಯುತ್ತದೆ, ಆಮೇಲೆ ಹೇಳುವ ನಿಜಾನೂ ನೆಪದ ಹಾಗೆ ಕೇಳಿಸುತ್ತದೆ.

ಈ ವಾರವೇ ಆ ಅರ್ಜಿ ಹಾಕಿ. ಕೆಲಸ ಹೋದ ಪತ್ರ, ಹಳೇ ಹೊಸ ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿರಲಿ. ಅರ್ಜಿ ಹಾಕುವ ಮೊದಲಿನ ಬಾಕಿ ಮನ್ನಾ ಆಗುತ್ತದೆ ಅಂತ ನಂಬಬೇಡಿ, ಅದಕ್ಕೆ ಕಂತು ಕೇಳಿ. ಕೈಲಾದಷ್ಟು, 5,000 ಆದರೂ ಸರಿ, ಇವತ್ತಿನಿಂದಲೇ ಬ್ಯಾಂಕಿನ ಮೂಲಕ ಹಾಕುತ್ತಾ ಬನ್ನಿ. ಮರುಮದುವೆ, ಹೊಸ ಮಗು ಲೆಕ್ಕಕ್ಕೆ ಬರುತ್ತಾ ಅಂದರೆ, ಬರುತ್ತದೆ. 2017ರ ಒಂದು ಕೇಸಿನಲ್ಲಿ ಹೈಕೋರ್ಟು ಜೀವನಾಂಶವನ್ನು 16,000ದಿಂದ 23,000ಕ್ಕೆ ಏರಿಸಿತ್ತು. ಗಂಡನಿಗೆ ಎರಡನೇ ಮದುವೆಯಾಗಿ ಮಗುವಿದೆ ಅನ್ನೋದನ್ನೂ ನೋಡಿ ಸುಪ್ರೀಂ ಕೋರ್ಟು ಅದನ್ನು 20,000ಕ್ಕೆ ಇಳಿಸಿತು. ಕೈಗೆ ಬರುವ ಸಂಬಳದ ಸುಮಾರು 25% ಸರಿ ಅಂತ ಆ ತೀರ್ಪಿನಲ್ಲಿದೆ. ಅದು ಎಲ್ಲರಿಗೂ ಕಟ್ಟಿಟ್ಟ ಲೆಕ್ಕ ಅಲ್ಲ, ಆದರೂ ನಿಮ್ಮ 24,000ದಲ್ಲಿ 15,000 ಜಾಸ್ತಿ ಅಂತ ಹೇಳೋಕೆ ಅದು ಸಾಕು.

ಇನ್ನೊಂದನ್ನು ಗೊತ್ತು ಮಾಡಿಕೊಳ್ಳಿ. ಬೇರೆ ಸಾಲದ ಡಿಕ್ರಿಗೆ ಸಂಬಳ ಜಪ್ತಿ ಮಾಡುವಾಗ ಸಿಗುವ ರಕ್ಷಣೆ ಜೀವನಾಂಶದ ಡಿಕ್ರಿಗೆ ಅಷ್ಟು ಇಲ್ಲ. ಸಿವಿಲ್ ಪ್ರೊಸೀಜರ್ ಕೋಡಿನ ಸೆಕ್ಷನ್ 60ರ ಪ್ರಕಾರ ಸಂಬಳದ ಮೂರನೇ ಒಂದು ಭಾಗ ಮಾತ್ರ ಮುಟ್ಟುವ ಹಾಗಿಲ್ಲ, ಉಳಿದ ಎರಡು ಭಾಗ ಜಪ್ತಿಗೆ ಸಿಗುತ್ತದೆ. ಅಂದರೆ 24,000ದಲ್ಲಿ ನಿಮ್ಮ ಕೈಗೆ 8,000 ಉಳಿಯುವ ದಿನವೂ ಬರಬಹುದು. ನಿಮ್ಮ ಈಗಿನ ಹೆಂಡತಿಯನ್ನೂ ಕೂರಿಸಿಕೊಂಡು ಈ ಲೆಕ್ಕ ಮಾಡಿ. ಮತ್ತೆ, ಆ ಹಣ ಕಾಯುತ್ತಾ ಕೂತಿರುವ ಆ ಮನೆಯವರಿಗೂ ಐದು ತಿಂಗಳಿಂದ ಬಾಡಿಗೆ, ರೇಷನ್ ಇದ್ದೇ ಇತ್ತು ಅನ್ನೋದು ನೆನಪಿರಲಿ.

ಪ್ರಶ್ನೆ: ಮಗಳು ತಾಯಿಯ ಹತ್ತಿರ ಇದ್ದಾಳೆ. ತಿಂಗಳಿಗೆ ಎರಡು ಭಾನುವಾರ ಚಿಕ್ಕಮಗಳೂರಿನಲ್ಲಿ ನಾನು ನೋಡಬಹುದು ಅಂತ ರಾಜಿಯಲ್ಲಿದೆ. ಈಗ ಅವರು ಕೆಲಸಕ್ಕೆ ಹೊರದೇಶಕ್ಕೆ ಹೋಗ್ತಾರಂತೆ, ಮಗಳನ್ನೂ ಕರೆದುಕೊಂಡು. ರಾಜಿ ಇದ್ದ ಮೇಲೆ ಹಾಗೆ ಹೋಗೋಕೆ ಬರುತ್ತಾ?

ಉತ್ತರ: ಕೋರ್ಟಿಗೆ ಹೇಳದೆ ಹೋಗಬಾರದು. ಕೇಳಿಕೊಂಡರೆ ಕೋರ್ಟು ಬಿಡಲೂಬಹುದು. ಮಕ್ಕಳ ವಿಷಯದ ಆದೇಶ ಯಾವತ್ತೂ ಕೊನೆಯದಲ್ಲ, ಒಪ್ಪಿಗೆಯಿಂದ ಆಗಿದ್ದರೂ ಬದಲಾಗಬಹುದು ಅಂತ ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ. 2010ರಲ್ಲಿ ನಿಮ್ಮಂಥದ್ದೇ ಒಂದು ಕೇಸು ಬಂದಿತ್ತು, ಮ್ಯೂಚುವಲ್ ಆದ ಮೇಲೆ ತಾಯಿ ಮಗನನ್ನು ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋಗಲು ಕೇಳಿದ್ದರು, ಕೋರ್ಟು ಮಗುವಿನ ಒಳಿತು ನೋಡಿ ಒಪ್ಪಿತು. ತಂದೆ ಭೇಟಿ ಮಾಡುವ ಹಕ್ಕನ್ನು ಹೊಸದಾಗಿ ಜೋಡಿಸಿಕೊಟ್ಟಿತು.

ಹಾಗಾಗಿ ‘ಹೋಗಲೇಬಾರದು’ ಅಂತ ಹಠಕ್ಕೆ ನಿಂತರೆ ಎರಡನ್ನೂ ಕಳೆದುಕೊಳ್ಳಬಹುದು. ಬೇಸಿಗೆ ರಜೆ, ದಸರಾ ರಜೆಯಲ್ಲಿ ಎಷ್ಟು ದಿನ ನಿಮ್ಮ ಮನೆಯಲ್ಲಿ ಇರಬೇಕು, ವಾರಕ್ಕೆ ಎಷ್ಟು ಸಲ ವಿಡಿಯೋ ಕಾಲ್, ಟಿಕೆಟ್ ಖರ್ಚು ಯಾರದು, ಸ್ಕೂಲಿನ ವಿಳಾಸ, ಡಾಕ್ಟರ ವಿವರ ನಿಮಗೆ ಸಿಗಬೇಕು, ಇದನ್ನೆಲ್ಲ ಬರೆದು ಸೆಕ್ಷನ್ 26ರಲ್ಲಿ ಅರ್ಜಿ ಹಾಕಿ. ಮಗಳ ವಯಸ್ಸು ನೀವು ಬರೆದಿಲ್ಲ. ದೊಡ್ಡವಳಾಗಿದ್ದರೆ ಜಡ್ಜ್ ಅವಳನ್ನೇ ಕೇಳುತ್ತಾರೆ.

ಪ್ರಶ್ನೆ: ರಾಜಿ ಡಿಕ್ರಿಯಲ್ಲಿ ನನಗೆ ಅರಸೀಕೆರೆ ಹತ್ತಿರದ ತೆಂಗಿನ ತೋಟದಲ್ಲಿ 2 ಎಕರೆ ಬಿಟ್ಟುಕೊಟ್ಟಿದ್ದಾರೆ. ಸರ್ವೆ ನಂಬರು ತಪ್ಪಾಗಿ ಟೈಪ್ ಆಗಿದೆ. ಖಾತೆ ಮಾಡಲ್ಲ ಅಂತಾರೆ. ಕೇಸು ಮತ್ತೆ ಶುರು ಮಾಡಬೇಕಾ?

ಉತ್ತರ: ಬೇಡ. ಬರೀ ಟೈಪಿಂಗ್ ತಪ್ಪಾದರೆ ಸೆಕ್ಷನ್ 152, ಸಿವಿಲ್ ಪ್ರೊಸೀಜರ್ ಕೋಡ್, ಅದೇ ಕೋರ್ಟಿಗೆ ತಿದ್ದುಪಡಿ ಅರ್ಜಿ. ಯಾವಾಗ ಬೇಕಾದರೂ ಹಾಕಬಹುದು. ರಾಜಿ ಪತ್ರದಲ್ಲಿ ನಂಬರು ಸರಿ ಇದ್ದು ಡಿಕ್ರಿಯಲ್ಲಿ ಮಾತ್ರ ತಪ್ಪಾಗಿದ್ದರೆ ಇನ್ನೂ ಸುಲಭ. ಜೊತೆಗೆ ಇನ್ನೊಂದನ್ನು ವಕೀಲರ ಹತ್ತಿರ ಕೇಳಿ: ಆ ಜಮೀನು ನಿಮ್ಮ ಕೇಸಿನ ಅರ್ಜಿಯಲ್ಲಿ ಮೊದಲಿಂದ ಇತ್ತಾ, ಇಲ್ಲ ರಾಜಿ ಮಾಡುವಾಗ ಹೊರಗಿನಿಂದ ಸೇರಿಸಿದ್ದಾ? ಹೊರಗಿನಿಂದ ಸೇರಿಸಿದ್ದಾದರೆ ಆ ಡಿಕ್ರಿಯನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಬೇಕಾಗುತ್ತದೆ. ಖಾತೆ ನಿಂತಿರುವುದು ಅದಕ್ಕೂ ಇರಬಹುದು.

ಪ್ರಶ್ನೆ: ಮೂಡಿಗೆರೆ ಕಡೆಯವಳು ನಾನು. ಮಗಳ ಮ್ಯೂಚುವಲ್ ಅರ್ಜಿ ಹಾಕಿ ನಾಲ್ಕು ತಿಂಗಳಾಯಿತು, ಎರಡನೇ ವಾಯಿದೆ ಇನ್ನೂ ಎರಡು ತಿಂಗಳಿದೆ. ಬೀಗರು ಕೊಡುವುದು ಕಡಿಮೆ ಅಂತ ಈಗ ಅನ್ನಿಸುತ್ತಿದೆ. ಸಹಿ ಆಗಿಬಿಟ್ಟಿದೆ. ಏನಾದರೂ ಮಾಡಬಹುದಾ ಮೇಡಂ?

ಉತ್ತರ: ಅಮ್ಮ, ಈ ಐದು ಪತ್ರಗಳಲ್ಲಿ ಸರಿಯಾದ ಹೊತ್ತಿಗೆ ಬಂದದ್ದು ನಿಮ್ಮ ಪತ್ರವೇ. ಡಿಕ್ರಿ ಆಗುವ ತನಕ ಒಪ್ಪಿಗೆ ಇರಲೇಬೇಕು. ಅಲ್ಲಿಯ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟು 1991ರಲ್ಲಿ ಹೇಳಿದೆ. ಆರು ತಿಂಗಳು ಕಾಯಿಸುವುದೇ ಯೋಚನೆ ಮಾಡಲಿ ಅಂತ. ಆ ಆರು ತಿಂಗಳನ್ನು ಬೇಡ ಅಂತ ಬಿಟ್ಟುಬಿಡುವ ಅಧಿಕಾರವೂ ಕೋರ್ಟಿಗೆ ಇದೆ ಅಂತ 2017ರಲ್ಲಿ ತೀರ್ಪು ಬಂದಿದೆ, ಹಾಗಾಗಿ ಬೀಗರ ಕಡೆಯವರು ಬೇಗ ಮುಗಿಸೋಣ ಅಂತ ಅರ್ಜಿ ತಂದರೆ ಮಗಳು ಅದಕ್ಕೆ ಅವಸರದಲ್ಲಿ ಸಹಿ ಹಾಕದಿರಲಿ. ಮೊದಲ ಕಂತು ತೆಗೆದುಕೊಂಡಿದ್ದೀರಾ? ತೆಗೆದುಕೊಂಡು ಹಿಂದೆ ಸರಿದರೆ ಅದನ್ನು ವಾಪಸ್ ಕೊಡುವ ಮಾತು ಬರುತ್ತದೆ, ಅದನ್ನು ಮುಟ್ಟದೆ ಇಡಿ. ಒಪ್ಪಿಗೆಯನ್ನೇ ವಾಪಸ್ ತೆಗೆಯುವ ಮೊದಲು, ಕರಾರು ತಿದ್ದೋಣ ಅಂತ ವಕೀಲರ ಮೂಲಕ ಹೇಳಿಸಿ ನೋಡಿ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಅಳಿಯನ ಹೆಸರಿನಲ್ಲಿ, ಅವರಪ್ಪನ ಹೆಸರಿನಲ್ಲಿ ಇರುವ ಎಲ್ಲ ಸರ್ವೆ ನಂಬರಿನ ಪಹಣಿ ಮತ್ತು ಎಂ.ಆರ್. ತೆಗೆಸಿ. ‘ನನಗೆ ಇಷ್ಟೇ ಆಸ್ತಿ ಇದೆ, ಇದರಲ್ಲಿ ಸುಳ್ಳಿದ್ದರೆ ಈ ರಾಜಿಯನ್ನು ಮತ್ತೆ ತೆರೆಯಬಹುದು’ ಅಂತ ಒಂದು ಸಾಲನ್ನು ಅಳಿಯನ ಆಸ್ತಿ ಅಫಿಡವಿಟ್ ಜೊತೆಗೆ ರಾಜಿ ಪತ್ರದಲ್ಲೇ ಸೇರಿಸೋಕೆ ಕೇಳಿ. ಮೊಮ್ಮಕ್ಕಳಿದ್ದರೆ ಅವರ ಹಣ ಎರಡು ವರ್ಷಕ್ಕೊಮ್ಮೆ ಎಷ್ಟು ಏರಬೇಕು ಅನ್ನೋದನ್ನೂ ಬರೆಸಿ. ಚೆಕ್ ಬೇಡ ಅನ್ನಿ, ಡಿಡಿ ಆಗಲಿ, ಕೋರ್ಟಿನಲ್ಲೇ ಕೈಗೆ ಬರಲಿ. ಆಮೇಲೆ ತಿದ್ದಿದ ಕರಡನ್ನು ಮಗಳೇ ಕೂತು ಓದಲಿ, ಅರ್ಥವಾಗದ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಲಿ, ಆ ಗೆರೆಗಳನ್ನು ಹಿಡಿದುಕೊಂಡು ವಾಯಿದೆಗೆ ಒಂದು ವಾರ ಮೊದಲೇ ವಕೀಲರ ಮನೆಗೆ ಹೋಗಿ.